3 ಕೆಜಿ ಅಕ್ಕಿಗೆ 40 ಅಂಕಿಯ ಬಿಲ್ಲು

3 ಕೆಜಿ ಅಕ್ಕಿ, ಕೆಜಿಗೆ 40 ರೂಪಾಯಿ. ನನ್ನ ಪೈಥಾನ್ ಸ್ಕ್ರಿಪ್ಟ್ 120 ಅನ್ನುವ ಬದಲು 3 ಅನ್ನೇ ಸಾಲಾಗಿ 40 ಸಲ ಬರೆದಿಟ್ಟಿತು! ಸಿಎಸ್‌ವಿ ಫೈಲಿನಿಂದ ಬಂದ 3 ಸಂಖ್ಯೆಯಲ್ಲ, ಸ್ಟ್ರಿಂಗ್, ಅಂದರೆ ಬರೀ ಅಕ್ಷರ. ಅದನ್ನು 40ರಿಂದ ಗುಣಿಸಿದರೆ ಪೈಥಾನ್ ಎರರ್ ಕೊಡುವುದಿಲ್ಲ, ಸುಮ್ನೆ 40 ಸಲ ಜೋಡಿಸುತ್ತದೆ.

ಲೆಕ್ಕದ ಫಂಕ್ಷನ್‌ಗೆ ‘ಇಂಟ್’ (ಪೂರ್ಣಾಂಕ) ಅಂತ ಟೈಪ್ ಹಿಂಟ್, ಅಂದರೆ ಯಾವ ಬಗೆಯ ಮೌಲ್ಯ ಬರಬೇಕು ಅನ್ನುವ ಸೂಚನೆ, ಹಾಕಿದೆ. ಮತ್ತೆ ಅದೇ ಕಥೆ. ರನ್ ಆಗುವಾಗ ಪೈಥಾನ್ ಹಿಂಟ್ ಕಡೆ ತಲೆ ಹಾಕುವುದಿಲ್ಲ ಅಲ್ವಾ. ಸರಿ, ಹಿಂಟ್ ನೋಡಿ ಕೋಡ್ ರನ್ ಮಾಡದೆಯೇ ತಪ್ಪು ಹುಡುಕುವ ಮೈಪೈ ಅನ್ನುವ ಟೂಲ್ ಓಡಿಸಿದೆ. ಅದೂ ತಪ್ಪೇನಿಲ್ಲ ಅಂದಿತು. ಇಲ್ಲೇ ಅರ್ಧ ದಿನ ಹೋಯಿತು.

ಹಿಂಟೇ ಇಲ್ಲದ ಫಂಕ್ಷನ್‌ನ ಒಳಗನ್ನು ಮೈಪೈ ತಾನಾಗಿ ನೋಡುವುದಿಲ್ಲ. ಫೈಲ್ ಓದುವ ನನ್ನ ಫಂಕ್ಷನ್ ಬೋಳಾಗಿತ್ತು. ಅದಕ್ಕೂ ಹಿಂಟ್ ಹಾಕಿದ ತಕ್ಷಣ, ಬೇಕಿರುವುದು ಇಂಟ್, ಕೊಟ್ಟಿರುವುದು ಸ್ಟ್ರಿಂಗ್ ಅಂತ ಸಾಲಿನ ನಂಬರ್ ಸಮೇತ ಹಿಡಿಯಿತು. ಓದುವಾಗಲೇ ಇಂಟ್‌ಗೆ ಬದಲಿಸಿದೆ. 120 ಬಂತು.