ಸೋಫಾ ಹೊರಗಿಡುವ ಮುಂಚೆ

ಆಸ್ಟ್ರೇಲಿಯಾಕ್ಕೆ ಬಂದ ಮೊದಲ ವರ್ಷ ಮನೆಗೆ ಸಾಮಾನು ಎಲ್ಲಿಂದ ಬಂದು ಸೇರಿಕೊಳ್ಳುತ್ತದೋ ತಿಳಿಯುವುದಿಲ್ಲ. ಯಾರೋ ಊರು ಬಿಡುವಾಗ ಕೊಟ್ಟುಹೋದ ಸೋಫಾ, ಪುಕ್ಕಟೆ ಸಿಕ್ಕಿತೆಂದು ಹೊತ್ತು ತಂದ ಮಂಚ, ಒಂದು ಕಾಲು ಅಲ್ಲಾಡುವ ಮೇಜು. ಮನೆ ಬದಲಾಯಿಸುವ ವಾರ ಬಂದಾಗ ಇವನ್ನೆಲ್ಲ ಏನು ಮಾಡುವುದು? ಕೂಗಿದರೆ ಬಂದು ದುಡ್ಡು ಕೊಟ್ಟು ಒಯ್ಯುವ ಗುಜರಿಯವನು ಇಲ್ಲಿಲ್ಲ. ಎತ್ತಿಕೊಂಡು ಹೋಗುವುದು ನಿಮ್ಮ ಕೌನ್ಸಿಲ್‌ನ, ಅಂದರೆ ಇಲ್ಲಿನ ನಗರಸಭೆಯ ಲಾರಿ.

ಇದಕ್ಕೆ ಒಂದೊಂದು ಊರಲ್ಲಿ ಒಂದೊಂದು ಹೆಸರು. ಮೆಲ್ಬರ್ನ್, ಅಡಿಲೇಡ್‌ಗಳಲ್ಲಿ ಹಾರ್ಡ್ ರಬ್ಬಿಶ್, ಸಿಡ್ನಿಯಲ್ಲಿ ಕೌನ್ಸಿಲ್ ಕ್ಲೀನ್‌ಅಪ್, ಬ್ರಿಸ್ಬೇನ್‌ನಲ್ಲಿ ಕರ್ಬ್‌ಸೈಡ್ ಕಲೆಕ್ಷನ್, ಪರ್ತ್‌ನಲ್ಲಿ ವರ್ಜ್ ಕಲೆಕ್ಷನ್. ಕೆಲವು ಕೌನ್ಸಿಲ್‌ಗಳಲ್ಲಿ ನೀವೇ ದಿನ ಬುಕ್ ಮಾಡಬೇಕು. ಕೆಲವು ಕಡೆ ಬಡಾವಣೆಗೆ ಇಂತಿಷ್ಟು ಎಂದು ವರ್ಷದಲ್ಲಿ ಒಂದೋ ಎರಡೋ ಸಲ ಅವರೇ ಬರುತ್ತಾರೆ. ಸ್ನೇಹಿತರನ್ನು ಕೇಳಿ ನಂಬಬೇಡಿ. ರಸ್ತೆಯ ಆ ಬದಿಯ ಮನೆ ಬೇರೆ ಕೌನ್ಸಿಲ್‌ಗೆ ಸೇರಿರಬಹುದು, ಅವರ ನಿಯಮ ನಿಮ್ಮದಲ್ಲ. ಕೌನ್ಸಿಲ್ ವೆಬ್‌ಸೈಟಿನಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ, ಐದು ನಿಮಿಷದ ಕೆಲಸ.

ಆ ಐದು ನಿಮಿಷ ಉಳಿಸಲು ಹೋಗಿ ನಾನು ಕೆಟ್ಟೆ. ಬೀದಿಯ ಆ ತುದಿಯಲ್ಲಿ ಯಾರೋ ಹಳೇ ಕುರ್ಚಿಗಳನ್ನು ಹೊರಗಿಟ್ಟಿದ್ದರು. ಓಹೋ, ಇವತ್ತೇ ಇರಬೇಕು ಎಂದುಕೊಂಡು ಶುಕ್ರವಾರ ಸಂಜೆ ನಮ್ಮ ಸೋಫಾವನ್ನೂ ನೇಚರ್ ಸ್ಟ್ರಿಪ್ ಮೇಲೆ ಇಟ್ಟೆವು. ಫುಟ್‌ಪಾತಿಗೂ ರಸ್ತೆಗೂ ನಡುವೆ ಇರುವ ಹುಲ್ಲಿನ ಪಟ್ಟಿ ಅದು. ಅವರದು ಬುಕಿಂಗ್ ಆಗಿತ್ತು, ನಮ್ಮದು ಆಗಿರಲಿಲ್ಲ. ಶನಿವಾರ, ಭಾನುವಾರ ಬಿಡದೆ ಮಳೆ. ಸೋಮವಾರ ನೋಡಿದರೆ ಕುರ್ಚಿಗಳು ಹೋಗಿವೆ, ನಮ್ಮ ಸೋಫಾ ನೆನೆದು ತೊಪ್ಪೆಯಾಗಿ ನಿಂತಿದೆ, ಒರಗಿನ ಮೇಲೆ ಎಚ್ಚರಿಕೆಯ ಚೀಟಿ ಬೇರೆ. ಇಬ್ಬರು ಆರಾಮಾಗಿ ಹೊತ್ತು ತಂದಿದ್ದನ್ನು ಒಳಗೆ ಸಾಗಿಸಲು ನಾಲ್ವರು ಬೇಕಾದರು. ಗ್ಯಾರೇಜಿನ ನೆಲ ಒಣಗಲು ವಾರ ಹಿಡಿಯಿತು. ಬುಕಿಂಗ್ ಇಲ್ಲದೆ, ಅಥವಾ ಹೇಳಿದ ದಿನಕ್ಕಿಂತ ತುಂಬ ಮುಂಚೆ ಇಟ್ಟದ್ದು ಕಾನೂನಿನ ಕಣ್ಣಿಗೆ ಕದ್ದು ಕಸ ಸುರಿದಂತೆ, ದಂಡವೂ ಬೀಳಬಹುದು. ನಮಗೆ ಚೀಟಿಯಲ್ಲೇ ಮುಗಿಯಿತು.

ಅಳತೆಯ ವಿಷಯದಲ್ಲೂ ಹೊಸಬರು ಎಡವುತ್ತಾರೆ. ಬ್ರಿಸ್ಬೇನ್‌ನಲ್ಲಿ ಒಂದು ಮನೆಗೆ 2 ಘನ ಮೀಟರ್. ಕೇಳಲು ಬಹಳ ಅನ್ನಿಸುತ್ತದೆ, ಲೆಕ್ಕ ಹಾಕಿ ನೋಡಿ. 2 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ, 80 ಸೆಂಟಿಮೀಟರ್ ಎತ್ತರದ ಸೋಫಾ ಒಂದೇ 1.44 ಘನ ಮೀಟರ್ ನುಂಗುತ್ತದೆ. ಇಲ್ಲಿನ ಕ್ವೀನ್ ಹಾಸಿಗೆ 153 ಗುಣಿಸು 203 ಸೆಂಟಿಮೀಟರ್, ದಪ್ಪ 25 ಇದ್ದರೆ ಸುಮಾರು 0.78. ಎರಡೂ ಸೇರಿದರೆ ಮಿತಿ ದಾಟಿತು. ಮಂಚ, ಕಪಾಟುಗಳನ್ನು ಬಿಚ್ಚಿ ಹಲಗೆಗಳನ್ನು ಒಂದರ ಮೇಲೊಂದು ಮಲಗಿಸಿದರೆ ಎಷ್ಟೋ ಜಾಗ ಉಳಿಯುತ್ತದೆ. ಸ್ಕ್ರೂಡ್ರೈವರ್ ಹಿಡಿಯಲು ಬೇಸರಪಡಬೇಡಿ.

ಫ್ರಿಜ್ ಇಡುವುದಾದರೆ ಬಾಗಿಲು ಕಳಚಿಯೇ ಇಡಿ. ಆಡುವ ಮಗು ಒಳಗೆ ಹೊಕ್ಕು ಬಾಗಿಲು ಮುಚ್ಚಿಕೊಂಡರೆ ಉಸಿರುಗಟ್ಟುತ್ತದೆ, ಇದು ಸುಮ್ಮನೆ ಮಾಡಿದ ನಿಯಮವಲ್ಲ.

ಬಣ್ಣದ ಡಬ್ಬ, ಗ್ಯಾಸ್ ಸಿಲಿಂಡರ್, ಟೈರು, ಇಟ್ಟಿಗೆ ಚೂರು, ಕಾರಿನ ಬ್ಯಾಟರಿ, ಇವನ್ನು ಸಾಮಾನ್ಯವಾಗಿ ಲಾರಿಯವರು ಮುಟ್ಟುವುದಿಲ್ಲ. ಉಳಿದ ಬಣ್ಣಕ್ಕೆ ಪೇಂಟ್‌ಬ್ಯಾಕ್ ಕೇಂದ್ರಗಳಿವೆ, ಒಂದು ಸಲಕ್ಕೆ 100 ಲೀಟರ್‌ವರೆಗೆ ಪುಕ್ಕಟೆ ತೆಗೆದುಕೊಳ್ಳುತ್ತಾರೆ. ವಿಕ್ಟೋರಿಯಾದಲ್ಲಿ 2019ರ ಜುಲೈ 1ರಿಂದ ಪ್ಲಗ್, ಬ್ಯಾಟರಿ ಅಥವಾ ವೈರ್ ಇರುವ ಯಾವುದನ್ನೂ ಕಸದ ಬಿನ್ನಿಗೆ ಹಾಕುವಂತಿಲ್ಲ. ಟಿವಿ, ಕಂಪ್ಯೂಟರ್, ಪ್ರಿಂಟರ್‌ಗಳನ್ನು ಕಾಸು ಕೊಡದೆ ಒಪ್ಪಿಸುವ ಜಾಗಗಳು ದೇಶದೆಲ್ಲೆಡೆ ಇವೆ. ಹಳೇ ಫೋನು, ಪವರ್‌ಬ್ಯಾಂಕುಗಳನ್ನಂತೂ ರಾಶಿಯೊಳಗೆ ಸೇರಿಸಲೇಬೇಡಿ. ಲಾರಿ ಒತ್ತಿದಾಗ ಲಿಥಿಯಂ ಬ್ಯಾಟರಿ ಹೊತ್ತಿಕೊಂಡು ಲಾರಿಗೇ ಬೆಂಕಿ ಬಿದ್ದದ್ದಿದೆ.

ಬಾಡಿಗೆ ಮನೆಯವರೂ ಬಹಳಷ್ಟು ಕಡೆ ತಾವೇ ಬುಕ್ ಮಾಡಬಹುದು. ಆದರೆ ಈ ಸೌಲಭ್ಯ ವಿಳಾಸಕ್ಕೆ ಸೇರಿದ್ದು, ನಿಮಗಲ್ಲ. ವರ್ಷದ ಸರದಿಯನ್ನು ಹಿಂದಿನ ಬಾಡಿಗೆಯವರೇ ಮುಗಿಸಿ ಹೋಗಿರಬಹುದು. ಫ್ಲಾಟ್ ಆದರೆ ಮೊದಲು ಬಿಲ್ಡಿಂಗ್ ಮ್ಯಾನೇಜರ್‌ನ ಕೇಳಿ. ಮನೆ ಬಿಡುವ ನೋಟಿಸ್ ಕೊಟ್ಟ ದಿನವೇ ಬುಕಿಂಗ್ ಕೂಡ ಮಾಡಿಬಿಡಿ. ಕೀಲಿ ಒಪ್ಪಿಸುವ ದಿನ ಹತ್ತಿರ ಬಂದಾಗ ನೋಡಿದರೆ ಮೂರು ವಾರ ಆಚೆಯ ದಿನ ಸಿಗುತ್ತದೆ, ಆಗ ಟ್ರೈಲರ್ ಬಾಡಿಗೆಗೆ ತಂದು, ಟಿಪ್‌ಗೆ, ಅಂದರೆ ಕಸ ಸುರಿಯುವ ಜಾಗಕ್ಕೆ ಒಯ್ದು, ಅಲ್ಲಿ ಹಾಸಿಗೆಗೆ ಬೇರೆ ದುಡ್ಡು ತೆರಬೇಕಾಗುತ್ತದೆ.

ಇನ್ನು ಬೇರೆಯವರ ರಾಶಿಯಿಂದ ಎತ್ತಿಕೊಳ್ಳುವ ವಿಚಾರ. ಇಲ್ಲಿ ಅದರಲ್ಲಿ ನಾಚಿಕೆ ಏನಿಲ್ಲ, ಒಳ್ಳೆ ಕಾರಿನಲ್ಲಿ ಬಂದು ಕೋಣೆಯ ನಿಲುವು ದೀಪ ಎತ್ತಿಕೊಂಡು ಹೋಗುವವರನ್ನು ನೋಡಿದ್ದೇನೆ. ಕೆಲವು ಕೌನ್ಸಿಲ್‌ಗಳು ಒಪ್ಪುವುದಿಲ್ಲ, ಅದನ್ನೂ ನೋಡಿಕೊಳ್ಳಿ. ಮರದ ಮೇಜು, ಪುಸ್ತಕದ ಕಪಾಟು ಧಾರಾಳವಾಗಿ ತನ್ನಿ. ಹಾಸಿಗೆ ಬೇಡ, ತಿಗಣೆ ಜೊತೆಗೇ ಬರಬಹುದು. ಮಗುವಿನ ಕಾರ್ ಸೀಟೂ ಬೇಡ. ಅಪಘಾತಕ್ಕೆ ಸಿಕ್ಕಿದ್ದೋ ಏನೋ, ನೋಡಿ ಹೇಳಲು ಆಗುವುದಿಲ್ಲ.

ಲಾರಿ ಬಂದ ದಿನ ಅರ್ಧ ರಾಶಿ ಹೋಗಿ ಅರ್ಧ ಉಳಿದರೆ ಗಾಬರಿಯಾಗಿ ಫೋನ್ ಮಾಡಬೇಡಿ. ಕಬ್ಬಿಣಕ್ಕೆ ಒಂದು, ಹಾಸಿಗೆಗೆ ಒಂದು, ಉಳಿದದ್ದಕ್ಕೆ ಇನ್ನೊಂದು ಲಾರಿ ಎಂದು ಕೆಲವು ಕಡೆ ಬೇರೆ ಬೇರೆ ಬರುತ್ತವೆ. ಸಂಜೆಯಾದರೂ ಹಾಗೇ ಇದ್ದರೆ, ಬುಕಿಂಗ್ ನಂಬರ್ ಕೈಯಲ್ಲಿಟ್ಟುಕೊಂಡು ಮರುದಿನ ಬೆಳಿಗ್ಗೆ ಕರೆ ಮಾಡಿ.