ಮೊದಲು ಚೀಟಿ, ಆಮೇಲೆ ಮಾತು: ಮೀಟಿಂಗ್‌ನಲ್ಲಿ ಸರಿಯಾಗಿ ತೀರ್ಮಾನ ಮಾಡುವುದು ಹೇಗೆ?

ತುಮಕೂರಿನ ಹತ್ತಿರ, ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಬೆಳಗಿನ ಪಾಳಿಯನ್ನು 7 ಗಂಟೆಯಿಂದ 6ಕ್ಕೆ ತರೋಣ ಎಂಬ ಮಾತು ಬಂತು. ಮೀಟಿಂಗ್‌ಗೆ ಹನ್ನೊಂದು ಜನ ಕೂತೆವು. ಮ್ಯಾನೇಜರ್ ಶುರುವಿನಲ್ಲೇ, ‘ನನಗೇನೋ ಆರು ಗಂಟೇನೇ ಸರಿ ಅನ್ಸುತ್ತೆ, ನೀವೇನಂತೀರಿ?’ ಎಂದರು. ಎಲ್ಲರೂ ‘ಸರಿ ಸಾರ್’ ಎಂದು ಕೋಲೆಬಸವನ ಹಾಗೆ ತಲೆ ಆಡಿಸಿದೆವು. ಹತ್ತೇ ನಿಮಿಷದಲ್ಲಿ ಎಲ್ಲ ಮುಗಿಯಿತು. ಮುಂದಿನ ಸೋಮವಾರ ಮಧುಗಿರಿ ಕಡೆಯ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನ ತಡವಾಗಿ ಬಂದರು. ಅಷ್ಟು ಬೆಳಗ್ಗೆ ಅವರ ಊರಿಂದ ಬಸ್ಸೇ ಇರಲಿಲ್ಲ. ಮೀಟಿಂಗ್‌ನಲ್ಲಿ ಕೂತಿದ್ದ ಇಬ್ಬರಿಗೆ ಇದು ಮೊದಲೇ ಗೊತ್ತಿತ್ತು.

ಆ ಇಬ್ಬರನ್ನು ಬೈದು ಪ್ರಯೋಜನವಿಲ್ಲ. ಅಮೆರಿಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪರೀಕ್ಷೆ ಮಾಡಿ, 1951ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ. ಮೂರು ಗೆರೆಗಳಲ್ಲಿ ಯಾವುದು ತೋರಿಸಿದ ಗೆರೆಯಷ್ಟೇ ಉದ್ದ ಎಂದು ಗುರುತಿಸುವುದಷ್ಟೇ ಕೆಲಸ. ಆದರೆ ಜೊತೆಯಲ್ಲಿ ಕೂತವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ಅದನ್ನು ಕೇಳಿದವರು ಸುಮಾರು ಮೂರರಲ್ಲಿ ಒಂದು ಸಲ ತಾವೂ ಅದೇ ತಪ್ಪು ಉತ್ತರ ಕೊಟ್ಟರು. ಕಣ್ಣೆದುರಿನ ಗೆರೆಗೇ ಹೀಗಾದರೆ, ಸಂಬಳ ಕೊಡುವವರ ಎದುರು ಬಾಯಿ ಬರುತ್ತದಾ?

ಹೆಜ್ಜೆ 1. ಪ್ರಶ್ನೆಯನ್ನು ಬೋರ್ಡಿನ ಮೇಲೆ ಒಂದೇ ಸಾಲಿನಲ್ಲಿ ಬರೆಯಿರಿ. ‘ಪಾಳಿ ಬಗ್ಗೆ ಚರ್ಚೆ’ ಅಂತಲ್ಲ, ‘ಬೆಳಗಿನ ಪಾಳಿ ಎಷ್ಟು ಗಂಟೆಗೆ ಶುರುವಾಗಬೇಕು?’ ಅಂತ. ಕೊನೆಯ ಮಾತು ಯಾರದು ಎಂಬುದನ್ನೂ ಆಗಲೇ ಹೇಳಿಬಿಡಿ.

ಹೆಜ್ಜೆ 2. ಐದರಿಂದ ಏಳು ಜನ ಸಾಕು. ಆ ಕೆಲಸವನ್ನು ಕೈಯಾರೆ ಮಾಡುವವರು ಅದರಲ್ಲಿ ಇರಲೇಬೇಕು.

ಹೆಜ್ಜೆ 3. ಜನ ಎಡವುವುದು ಇಲ್ಲೇ. ಯಾರೂ ಮಾತು ಶುರು ಮಾಡುವ ಮುಂಚೆ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಐದು ನಿಮಿಷ ಯಾರೂ ಮಾತಾಡಬಾರದು. ಚೀಟಿಯಲ್ಲಿ ಮೂರು ಸಾಲು ಬರೆಸಿ: ನನ್ನ ಆಯ್ಕೆ ಯಾವುದು, ಯಾಕೆ, ಮತ್ತು ಇಲ್ಲಿ ಬೇರೆಯವರಿಗೆ ಗೊತ್ತಿಲ್ಲದ, ನನಗೆ ಗೊತ್ತಿರುವ ಒಂದು ವಿಷಯ ಏನು.

ಮೂರನೇ ಸಾಲನ್ನು ಮಾತ್ರ ಬಿಡಬೇಡಿ. ಗುಂಪಿನಲ್ಲಿ ಕೂತಾಗ ನಾವು ಎಲ್ಲರಿಗೂ ಗೊತ್ತಿರುವುದನ್ನೇ ಮತ್ತೆ ಮತ್ತೆ ಮಾತಾಡುತ್ತೇವೆ, ಒಬ್ಬರಿಗೇ ಗೊತ್ತಿರುವ ವಿಷಯ ಹೊರಗೇ ಬರುವುದಿಲ್ಲ. 1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ಎಂಬ ಸಂಶೋಧಕರು ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ನಮ್ಮ ಪಾಳಿಯ ವಿಷಯಕ್ಕೆ ಎರಡನೇ ಸಲ ಕೂತಾಗ ಈ ಚೀಟಿ ಮಾಡಿದೆವು. ಬಸ್ಸಿನ ಮಾತು ಎರಡು ಚೀಟಿಯಲ್ಲಿತ್ತು. ಲೋಡಿಂಗ್ ಹುಡುಗನ ಚೀಟಿಯಲ್ಲಿ ಇನ್ನೊಂದು ವಿಷಯ ಇತ್ತು: ‘ಲಾರಿ ಎಂಟೂವರೆಗೆ ಮುಂಚೆ ಬರೋದೇ ಇಲ್ಲ.’ ಲಾರಿಗೆ ಬೇಗ ಮಾಲು ತುಂಬಲೆಂದೇ ಪಾಳಿ ಬದಲಾಯಿಸಿದ್ದೆವು! ಪಾಳಿ ಮತ್ತೆ 7 ಗಂಟೆಗೆ ಬಂತು.

ಚೀಟಿಗೆ ಹೆಸರು ಬೇಡ. ಎಲ್ಲವನ್ನೂ ಕಲಸಿ, ಮೇಲಿನವರಲ್ಲದ ಒಬ್ಬರು ಜೋರಾಗಿ ಓದಲಿ, ಇನ್ನೊಬ್ಬರು ಬೋರ್ಡಿಗೆ ಇಳಿಸಲಿ. ಚೀಟಿಯನ್ನೇ ಗೋಡೆಗೆ ಅಂಟಿಸಿದರೆ ಅಕ್ಷರ ನೋಡಿ ಯಾರದು ಎಂದು ಗೊತ್ತಾಗಿಬಿಡುತ್ತದೆ. ಬಣ್ಣಬಣ್ಣದ ಅಂಟು ಚೀಟಿಗೆ ದುಡ್ಡು ಹಾಕಬೇಡಿ, ಫ್ಯಾನ್ ಹಾಕಿದರೆ ಹಾರಿಹೋಗುತ್ತವೆ. ಹಳೇ ನೋಟ್‌ಬುಕ್ ಹಾಳೆ ಹರಿದುಕೊಂಡರೆ ಸಾಕು. ಬರೆಯಲು ಹಿಂಜರಿಯುವವರ ಹತ್ತಿರ ಹಿಂದಿನ ದಿನವೇ ಹೋಗಿ, ಅವರು ಕೆಲಸ ಮಾಡುವ ಜಾಗದಲ್ಲೇ ಕೇಳಿ ಬರೆದುಕೊಳ್ಳಿ. ಪಾವಗಡದವರು ತೆಲುಗಿನಲ್ಲಿ ಹೇಳಲಿ, ಬಿಹಾರದಿಂದ ಬಂದವರು ಹಿಂದಿಯಲ್ಲಿ ಹೇಳಲಿ. ವಿಷಯ ಬಂದರೆ ಸಾಕು.

‘ಇಷ್ಟೆಲ್ಲ ಯಾಕೆ, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪೋಲ್ ಹಾಕಿದರೆ ಆಯ್ತಲ್ವಾ?’ ಎಂದು ತುಂಬಾ ಜನ ಕೇಳುತ್ತಾರೆ. ಬೇಡ. ಯಾರು ಯಾವುದಕ್ಕೆ ಒತ್ತಿದರು ಎಂಬುದು ಅಲ್ಲಿ ಸಾಮಾನ್ಯವಾಗಿ ಹೆಸರಿನ ಸಮೇತ ಕಾಣುತ್ತದೆ. ಮ್ಯಾನೇಜರ್ ಒತ್ತಿದ ಕಡೆಗೇ ಉಳಿದವರೂ ಒತ್ತುತ್ತಾರೆ. ಕೈ ಎತ್ತಿಸುವುದೂ ಅಷ್ಟೇ.

ಹೆಜ್ಜೆ 4. ಈಗ ಮಾತು. ಕಿರಿಯರು ಮೊದಲು, ಮೇಲಿನವರು ಕೊನೆಗೆ.

ಹೆಜ್ಜೆ 5. ಒಂದು ಕಡೆಗೆ ಒಲವು ಬಂತು ಅನ್ನಿಸಿದಾಗ ‘ಯಾರದಾದರೂ ಅಭ್ಯಂತರ ಇದೆಯಾ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಯಾರೂ ಬಾಯಿ ಬಿಡುವುದಿಲ್ಲ. ಬದಲಿಗೆ ಹೀಗೆ ಹೇಳಿ: ‘ಆರು ತಿಂಗಳು ಆಯ್ತು ಅಂದುಕೊಳ್ಳಿ. ನಾವು ಮಾಡಿದ್ದು ಪೂರ್ತಿ ಕೆಟ್ಟುಹೋಗಿದೆ. ಯಾಕೆ ಕೆಟ್ಟಿತು, ಬರೆಯಿರಿ.’ ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞ ಇದಕ್ಕೆ ‘ಪ್ರಿಮಾರ್ಟಮ್’ ಎಂದು ಹೆಸರಿಟ್ಟಿದ್ದಾನೆ. ಸತ್ತ ಮೇಲೆ ಪೋಸ್ಟ್‌ಮಾರ್ಟಮ್ ಮಾಡುವ ಬದಲು ಮೊದಲೇ ನೋಡುವುದು. ತಪ್ಪು ಹುಡುಕುವುದೇ ಇಲ್ಲಿ ಎಲ್ಲರ ಕೆಲಸ. ಹಾಗಾಗಿ ಯಾರಿಗೂ ಎದುರು ಮಾತಾಡಿದಂತೆ ಆಗುವುದಿಲ್ಲ. ಎರಡು ನಿಮಿಷ ಸಾಕು. ನನ್ನ ಅನುಭವದಲ್ಲಿ ಒಂದಾದರೂ ಹೊಸ ವಿಷಯ ಬಾರದೆ ಇದ್ದದ್ದೇ ಇಲ್ಲ.

ಹೆಜ್ಜೆ 6. ತೀರ್ಮಾನ ಹೇಳಿ. ಜಾಸ್ತಿ ಜನ ಹೇಳಿದ್ದನ್ನು ಬಿಟ್ಟು ಬೇರೆಯದನ್ನು ಆರಿಸಿದರೆ, ಕಾರಣವನ್ನು ಅಲ್ಲೇ, ಎಲ್ಲರ ಎದುರು ಹೇಳಿ. ಹೇಳದೆ ಹೋದರೆ ಮುಂದಿನ ಸಲ ಬರುವುದು ಖಾಲಿ ಚೀಟಿ.

ಹೆಜ್ಜೆ 7. ಏನು ತೀರ್ಮಾನವಾಯಿತು, ಯಾಕೆ, ಮತ್ತೆ ಯಾವತ್ತು ಕೂತು ನೋಡುತ್ತೇವೆ ಎಂಬುದನ್ನು ರಿಜಿಸ್ಟರಿನಲ್ಲಿ ಬರೆಯಿರಿ. ಚೀಟಿಗಳನ್ನು ಬಿಸಾಡಬೇಡಿ. ಒಂದು ಕವರಿಗೆ ಹಾಕಿ, ಅಂಟಿಸಿ, ಅದೇ ಪುಟಕ್ಕೆ ಪಿನ್ ಹೊಡೆದಿಡಿ. ಆ ದಿನ ಬಂದಾಗ ಎಲ್ಲರ ಎದುರು ಬಿಚ್ಚಿ ಓದಿ.