ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡ ಮೇಲೆ ಊಟ ಹೇಗೆ?

ಮುದ್ದೆಯನ್ನು ನುಂಗಬೇಕು, ಅಗಿಯಬಾರದು. ಹಳೇ ಮೈಸೂರು ಕಡೆಯ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಊಟದ ಪಾಠ ಇದು. ಅನ್ನ-ಸಾರು ಉಣ್ಣುವವರದ್ದೂ ಹೆಚ್ಚುಕಡಿಮೆ ಇದೇ ಕಥೆ: ಕಲಸು, ತುತ್ತು ಮಾಡು, ಎರಡು ಸಲ ಬಾಯಾಡಿಸಿ ಒಳಗಿಳಿಸು, ನಡುನಡುವೆ ನೀರು ಕುಡಿ. ತೂಕ ಇಳಿಸಲು ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿಸಿಕೊಂಡವರು ಮೊದಲು ಬಿಡಬೇಕಾದದ್ದು ಈ ಅಭ್ಯಾಸವನ್ನೇ. ಏನು ತಿನ್ನಬೇಕು ಅನ್ನುವ ಪಟ್ಟಿಯನ್ನು ಎಲ್ಲರೂ ಕೇಳುತ್ತಾರೆ. ಹೇಗೆ ತಿನ್ನಬೇಕು ಅಂತ ಕೇಳುವವರು ಕಡಿಮೆ.

ಬ್ಯಾಂಡ್ ಅಂದರೆ ಜಠರದ ಮೇಲ್ತುದಿಗೆ ಸುತ್ತುವ ಸಿಲಿಕೋನ್ ಪಟ್ಟಿ. ಪಟ್ಟಿಯ ಮೇಲೆ 15ರಿಂದ 30 ಮಿ.ಲೀ. ಹಿಡಿಯುವಷ್ಟು ಜಾಗ, ಕೆಳಗೆ ಉಳಿದ ಜಠರ, ನಡುವೆ ಕಿರಿದಾದ ದಾರಿ. ನೋಡಲು ಮರಳು ಗಡಿಯಾರದ ಹಾಗೆ. ಪಟ್ಟಿಯಿಂದ ಹೊರಟ ಸಣ್ಣ ಕೊಳವೆ ಹೊಟ್ಟೆಯ ಚರ್ಮದಡಿ ಇರುವ ಪೋರ್ಟ್ ಎಂಬ ಪುಟ್ಟ ಬಿಲ್ಲೆಗೆ ಸೇರುತ್ತದೆ. ಅದಕ್ಕೆ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಜಠರವನ್ನು ಕತ್ತರಿಸುವುದಿಲ್ಲ, ಕರುಳಿನ ದಾರಿ ಬದಲಿಸುವುದಿಲ್ಲ.

ಬೆಲ್ಜಿಯಂನಲ್ಲಿ 1993ರಲ್ಲಿ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನಡೆಸುವ ವಿಧಾನದ ಮೂಲಕ ಈ ಶಸ್ತ್ರಚಿಕಿತ್ಸೆ ಆರಂಭವಾಯಿತು. 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆಸ್ಟ್ರೇಲಿಯಾ, ಬ್ರಿಟನ್‌ಗಳಲ್ಲಿ ಒಂದು ಕಾಲಕ್ಕೆ ಇದಕ್ಕೆ ಬಹಳ ಬೇಡಿಕೆ ಇತ್ತು. ಈಗ ಎಲ್ಲ ಕಡೆ ಜಠರದ ಬಹುಭಾಗ ಕತ್ತರಿಸಿ ತೆಗೆಯುವ ಸ್ಲೀವ್, ಕರುಳಿನ ದಾರಿ ಬದಲಿಸುವ ಬೈಪಾಸ್‌ಗಳದ್ದೇ ಮೇಲುಗೈ. ನಮ್ಮಲ್ಲಂತೂ ಹೊಸದಾಗಿ ಬ್ಯಾಂಡ್ ಹಾಕಿಸಿಕೊಳ್ಳುವವರು ಅಪರೂಪ. ಆದರೆ ಹಿಂದೆ ಇಲ್ಲಿಯೋ ಹೊರದೇಶದಲ್ಲೋ ಹಾಕಿಸಿಕೊಂಡವರ ಹೊಟ್ಟೆಯಲ್ಲಿ ಅದು ಇನ್ನೂ ಇದೆ. ಅದರ ಜೊತೆ ಬಾಳುವುದನ್ನು ಹೇಳಿಕೊಡುವವರೇ ಕಡಿಮೆಯಾಗಿದ್ದಾರೆ.

ಮೊದಲ ಆರು ವಾರ

ಮೊದಲ ಎರಡು ವಾರ ಬರೀ ದ್ರವಾಹಾರ. ತಿಳಿಮಜ್ಜಿಗೆ, ಸೋಸಿದ ಬೇಳೆಕಟ್ಟು, ಕೆನೆ ತೆಗೆದ ಹಾಲು, ಖಾರವಿಲ್ಲದ ತಿಳಿಸಾರು, ಸೋಸಿದ ಕೋಳಿ ಸೂಪು, ಗಂಟಿಲ್ಲದ ತೆಳು ರಾಗಿ ಅಂಬಲಿ. ಲೋಟ ಎತ್ತಿ ಗಟಗಟ ಕುಡಿಯುವಂತಿಲ್ಲ. ಗುಟುಕು ಗುಟುಕಾಗಿ ದಿನವಿಡೀ ಕುಡಿದು ಒಂದೂವರೆಯಿಂದ ಎರಡು ಲೀಟರ್ ಮುಟ್ಟಬೇಕು. ಸೋಡಾ, ಕೋಲಾ ಬೇಡ. ಲ್ಯಾಪರೋಸ್ಕೋಪಿಗಾಗಿ ತುಂಬಿದ್ದ ಅನಿಲದಿಂದ ಭುಜ ನೋಯಬಹುದು. ಮನೆಯೊಳಗೆ ಓಡಾಡುತ್ತಿದ್ದರೆ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಪಟ್ಟಿ ಇನ್ನೂ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿರುವುದಿಲ್ಲ. ಸುತ್ತಲಿನ ಅಂಗಾಂಶ ಬೆಳೆದು ಅದನ್ನು ಹಿಡಿದುಕೊಳ್ಳಲು ವಾರಗಳು ಬೇಕು. ಅಷ್ಟರಲ್ಲಿ ಗಟ್ಟಿ ಪದಾರ್ಥ ತಿಂದು ವಾಂತಿಯಾದರೆ ಪಟ್ಟಿ ಜಾರುವ ಅಪಾಯವಿದೆ.

ಮೂರನೇ, ನಾಲ್ಕನೇ ವಾರ ಹಿಸುಕಿದ ಆಹಾರ: ನುಣ್ಣಗೆ ಬೆಂದ ಹೆಸರುಬೇಳೆ, ಕುಂಬಳಕಾಯಿ, ಬೇಯಿಸಿ ಮಸೆದ ಸೇಬು, ಗಟ್ಟಿ ಮೊಸರು, ಮುಳ್ಳು ತೆಗೆದು ಹಿಸುಕಿದ ಮೀನು. ಐದು, ಆರನೇ ವಾರ ಮೆತ್ತನೆಯ ಆಹಾರ. ಆಮೇಲೆ ಮಾಮೂಲಿ ಊಟದತ್ತ ಸಾಗಬೇಕು. ನಿಮ್ಮ ಆಸ್ಪತ್ರೆ ಕೊಟ್ಟ ಚಾರ್ಟಿನಲ್ಲಿ ವಾರಗಳ ಲೆಕ್ಕ ಬೇರೆ ಇದ್ದರೆ ಅದನ್ನೇ ಪಾಲಿಸಿ.

ಈ ದಿನಗಳಲ್ಲಿ ಬಹಳ ಮಂದಿ ಗಾಬರಿಯಾಗುತ್ತಾರೆ. ‘ಆಪರೇಷನ್ ಆಗಿದೆ, ಆದರೂ ಹಸಿವು ಹಾಗೇ ಇದೆಯಲ್ಲ?’ ಇರುತ್ತದೆ. ಶುರುವಿನಲ್ಲಿ ಪಟ್ಟಿ ಹೆಚ್ಚುಕಡಿಮೆ ಖಾಲಿ. ಅದರ ನಿಜವಾದ ಕೆಲಸ ಸಲೈನ್ ತುಂಬಿದ ನಂತರ.

ಸಲೈನ್ ತುಂಬುವ ದಿನ

ಮೊದಲ ಸಲ ತುಂಬುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ. ನಿಮ್ಮನ್ನು ಮಲಗಿಸಿ, ತಲೆ ಸ್ವಲ್ಪ ಎತ್ತಿ ಹೊಟ್ಟೆ ಬಿಗಿ ಹಿಡಿಯಲು ಹೇಳುತ್ತಾರೆ. ಆಗ ಪೋರ್ಟ್ ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ. ಚರ್ಮ ಒರೆಸಿ, ವಿಶೇಷ ಸೂಜಿಯಿಂದ ಸ್ವಲ್ಪ ಸಲೈನ್ ಬಿಡುತ್ತಾರೆ. ಸಿಗದಿದ್ದರೆ ಎಕ್ಸ್-ರೇ ನೆರವು ಪಡೆಯುತ್ತಾರೆ. ಆಮೇಲೆ ಎದ್ದು ಕೂತು ನೀರು ಕುಡಿದು ತೋರಿಸಬೇಕು. ನೀರು ಎದೆಯಲ್ಲೇ ನಿಂತಂತಾದರೆ ಅಲ್ಲಿಯೇ ಹೇಳಿ, ಒಂದಿಷ್ಟು ವಾಪಸ್ ತೆಗೆಯುತ್ತಾರೆ. ಸಂಕೋಚಪಟ್ಟು ಮನೆಗೆ ಬಂದು ರಾತ್ರಿಯೆಲ್ಲ ಒದ್ದಾಡಬೇಡಿ. ತುಂಬಿಸಿದ ದಿನ, ಮರುದಿನ ದ್ರವ, ಆಮೇಲೆ ಮೆತ್ತನೆಯದು, ನಂತರ ಮಾಮೂಲಿ ಊಟ.

‘ಇನ್ನೂ ಬಿಗಿ ಮಾಡಿ ಡಾಕ್ಟ್ರೇ, ಬೇಗ ಇಳೀಲಿ’ ಅನ್ನುವವರಿದ್ದಾರೆ. ಇದು ತಪ್ಪು ಲೆಕ್ಕ. ಪಟ್ಟಿ ಅತಿ ಬಿಗಿಯಾದರೆ ರೊಟ್ಟಿ, ಪಲ್ಯ, ಮಾಂಸ ಇಳಿಯುವುದಿಲ್ಲ. ಪಾಯಸ, ಐಸ್‌ಕ್ರೀಮ್, ಮಿಲ್ಕ್‌ಶೇಕ್, ಚಹಾದಲ್ಲಿ ಅದ್ದಿದ ಬಿಸ್ಕತ್ತು, ಬಾಯಲ್ಲೇ ಕರಗುವ ಮೈಸೂರು ಪಾಕ್ ಸಲೀಸಾಗಿ ಜಾರುತ್ತವೆ. ಮನುಷ್ಯ ಇಳಿಯುವುದನ್ನೇ ತಿನ್ನುತ್ತಾನೆ. ಹೀಗೆ ಪಟ್ಟಿ ಬಿಗಿಯಾದಷ್ಟೂ ತೂಕ ಏರಿದವರಿದ್ದಾರೆ. ಸಣ್ಣ ಊಟಕ್ಕೆ ತೃಪ್ತಿಯಾಗಿ ಮೂರು-ನಾಲ್ಕು ಗಂಟೆ ಹಸಿವಾಗದಿದ್ದರೆ ಪಟ್ಟಿ ಹದದಲ್ಲಿದೆ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು. ಸ್ಲೀವ್ ಮಾಡಿಸಿಕೊಂಡ ಪಕ್ಕದ ಮನೆಯವರ ಜೊತೆ ಹೋಲಿಸಬೇಡಿ. ಬ್ಯಾಂಡ್‌ನಲ್ಲಿ ತೂಕ ಇಳಿಯುವುದೇ ನಿಧಾನ.

ತಟ್ಟೆಯ ಮುಂದೆ ಇಪ್ಪತ್ತು ನಿಮಿಷ

ತುತ್ತು ಪಟ್ಟಿಯ ಬಳಿ ಬಂದಾಗ ಅನ್ನನಾಳ ಅದನ್ನು ಒಂದೇ ಸಲಕ್ಕೆ ದಾಟಿಸುವುದಿಲ್ಲ. ಹಲವು ಸಲ ಹಿಂಡಿ ಹಿಂಡಿ ಸ್ವಲ್ಪ ಸ್ವಲ್ಪವಾಗಿ ಕೆಳಗೆ ತಳ್ಳುತ್ತದೆ. ಆ ಒತ್ತಡವೇ ಜಠರದ ಮೇಲ್ಭಾಗದ ನರಗಳ ಮೂಲಕ ಮೆದುಳಿಗೆ ‘ಸಾಕು’ ಎಂದು ಹೇಳುವುದು. ಇದಕ್ಕೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಅಷ್ಟರೊಳಗೆ ಇನ್ನೊಂದು ತುತ್ತು ಬಿದ್ದರೆ ಒಂದರ ಮೇಲೊಂದು ಕೂರುತ್ತದೆ. ಬ್ಯಾಂಡ್ ಇರುವವರ ಊಟದ ತೊಂದರೆಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲಿಯೇ.

ಆದ್ದರಿಂದ ಸಣ್ಣ ತಟ್ಟೆ ತೆಗೆದುಕೊಳ್ಳಿ, ಒಟ್ಟು ಅರ್ಧ ಬಟ್ಟಲಿನಷ್ಟು ಬಡಿಸಿಕೊಳ್ಳಿ. ಕೈಯಿಂದ ಉಣ್ಣುವವರು ಅಂಗೈ ತುಂಬ ಕಲಸುವುದನ್ನು ಬಿಟ್ಟು ಎರಡು ಬೆರಳು ಮತ್ತು ಹೆಬ್ಬೆರಳಿನಲ್ಲಿ ಹಿಡಿಯುವಷ್ಟು ಮಾತ್ರ ಎತ್ತಿ. ಕಡಲೆಕಾಳು ಗಾತ್ರದ ಪನೀರ್ ತುಂಡನ್ನೂ ಇಪ್ಪತ್ತು ಸಲ ಅಗಿಯಿರಿ, ನಾಲಗೆಗೆ ತುಂಡು ಅಂತ ಏನೂ ಸಿಗಬಾರದು. ನುಂಗಿದ ಮೇಲೆ ಕೈಯನ್ನು ತಟ್ಟೆಯಿಂದ ಆಚೆ ಇಡಿ. ಒಂದು ನಿಮಿಷ. ಮೊದಮೊದಲು ಗಡಿಯಾರ ನೋಡಬೇಕಾಗುತ್ತದೆ, ನಾಚಿಕೆ ಬೇಡ. ಇಪ್ಪತ್ತು ನಿಮಿಷವಾದ ಮೇಲೆ ತಟ್ಟೆಯಲ್ಲಿ ಉಳಿದಿದ್ದರೂ ಏಳಿ. ‘ಅನ್ನ ಬಿಸಾಡಬಾರದು’ ಅಂತ ಬೆಳೆದ ನಮಗೆ ಇದು ಕಷ್ಟ. ಅದಕ್ಕೆ ಪರಿಹಾರ ಕಡಿಮೆ ಬಡಿಸಿಕೊಳ್ಳುವುದು, ಹೆಚ್ಚು ನುಂಗುವುದಲ್ಲ. ಟಿವಿ, ಮೊಬೈಲ್ ಮುಂದೆ ಕೂತರೆ ಎಣಿಕೆ ತಪ್ಪುತ್ತದೆ.

ಊಟದ ಜೊತೆ ನೀರು ಬೇಡ. ನೀರು ಆಹಾರವನ್ನು ತೆಳುಮಾಡಿ ಬೇಗ ಜಾರಿಸುತ್ತದೆ, ಹಸಿವು ಬೇಗ ಮರಳುತ್ತದೆ. ಊಟ ಮುಗಿದು ಅರ್ಧ ಗಂಟೆಯಾದರೂ ತಡೆಯಿರಿ.

ತಟ್ಟೆಯಲ್ಲಿ ಮೊದಲು ಪ್ರೊಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಕೊನೆಗೆ ಎರಡು ಚಮಚ ಅನ್ನ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ನೂರು ಗ್ರಾಂ ಮೀನಿನಲ್ಲಿ ಸುಮಾರು 20. ಸಸ್ಯಾಹಾರಿಗಳು ಬರೀ ಬೇಳೆಸಾರು ನಂಬಿದರೆ ಲೆಕ್ಕ ತುಂಬುವುದಿಲ್ಲ. ಸಾರಿನಲ್ಲಿ ನೀರೇ ಹೆಚ್ಚು. ಪನೀರ್, ಸೋಯಾ, ಗಟ್ಟಿ ಮೊಸರು, ಗಟ್ಟಿ ತೊವ್ವೆ ಸೇರಿಸಬೇಕು.

ನಮ್ಮ ಅಡುಗೆಮನೆಯ ಲೆಕ್ಕ

ಮುದ್ದೆ ಅಂಟುತ್ತದೆ, ನುಂಗಿದರೆ ಇಡಿಯಾಗಿ ಪಟ್ಟಿಯ ಮೇಲೆ ಕೂರುತ್ತದೆ. ರಾಗಿ ಬೇಕೇ ಬೇಕು ಅನ್ನುವವರಿಗೆ ಗರಿಯಾಗಿ ಬೆಂದ ತೆಳು ರಾಗಿ ರೊಟ್ಟಿಯ ಚೂರು ವಾಸಿ. ಉತ್ತರ ಕರ್ನಾಟಕದವರಿಗೆ ಸ್ವಲ್ಪ ಅನುಕೂಲವಿದೆ: ಖಡಕ್ ಜೋಳದ ರೊಟ್ಟಿ ಬಾಯಲ್ಲಿ ಪುಡಿಯಾಗುತ್ತದೆ, ಮೆತ್ತನೆಯ ಚಪಾತಿಯೋ ಅಗಿದಷ್ಟೂ ಹಿಟ್ಟಿನ ಉಂಡೆಯಾಗುತ್ತದೆ. ಬ್ರೆಡ್, ಬನ್ನು, ಪಾವ್‌ಗಳದ್ದೂ ಅದೇ ಗುಣ. ಸುಟ್ಟು ಗರಿಗರಿ ಮಾಡಿದರೆ ಕೆಲವರಿಗೆ ಇಳಿಯುತ್ತದೆ. ಸೆಟ್ ದೋಸೆಗಿಂತ ತೆಳುವಾದ ಗರಿ ದೋಸೆ ಮೇಲು. ಅಂಟಂಟು ಅನ್ನಕ್ಕಿಂತ ಉದುರು ಅನ್ನ ಮೇಲು.

ನಾರಿನ ವಿಷಯದಲ್ಲಿ ಹುಷಾರು. ನುಗ್ಗೆಕಾಯಿಯ ಸಿಪ್ಪೆ ಉಗಿದು ತಿರುಳು ತಿನ್ನಿ. ಬಾಳೆದಿಂಡು, ಬಲಿತ ಗೋರಿಕಾಯಿ, ಸೊಪ್ಪಿನ ದಂಟು, ಕಿತ್ತಳೆ ತೊಳೆಯ ಪೊರೆ, ಕೊಬ್ಬರಿ ಚೂರು ಎಷ್ಟು ಅಗಿದರೂ ಎಳೆ ಉಳಿಯುವಂಥವು. ಒಣಗಿದ ಕೋಳಿ ಎದೆ ಮಾಂಸ, ಮಟನ್ ತುಂಡು ಸಿಕ್ಕಿಹಾಕಿಕೊಳ್ಳುವುದರಲ್ಲಿ ಮುಂದು. ಮೀನು, ಖೀಮಾ ಸುಲಭ. ಒಬ್ಬರಿಗೆ ಇಳಿದದ್ದು ಇನ್ನೊಬ್ಬರಿಗೆ ಇಳಿಯಲಿಕ್ಕಿಲ್ಲ. ಹೊಸ ಪದಾರ್ಥವನ್ನು ಮೊದಲು ಮನೆಯಲ್ಲೇ ತಿಂದು ನೋಡಿ, ಮದುವೆ ಮನೆಯ ಪಂಕ್ತಿಯಲ್ಲಿ ಬೇಡ.

ಪಂಕ್ತಿಯ ಮಾತು ಬಂತು. ಎಲೆ ಮುಂದೆ ಕೂತವರನ್ನು ಬಿಡುವ ಜಾಯಮಾನ ನಮ್ಮದಲ್ಲ. ‘ಒಂದೇ ಒಂದು ಹೋಳಿಗೆ’ ಅಂತ ಬಡಿಸುವವರ ಮುಂದೆ ಬ್ಯಾಂಡ್‌ನ ವಿವರಣೆ ನಡೆಯುವುದಿಲ್ಲ. ‘ಡಾಕ್ಟ್ರು ಬೇಡ ಅಂದಿದ್ದಾರೆ’ ಎಂಬ ಮಾತು ಸಾಕು, ಅದಕ್ಕೆ ಇನ್ನೂ ಬೆಲೆ ಇದೆ. ಪಂಕ್ತಿಯ ವೇಗಕ್ಕೆ ನೀವು ಉಣ್ಣಲಾರಿರಿ. ಬಫೆ ಇದ್ದರೆ ಅತ್ತ ಹೋಗಿ, ಇಲ್ಲವಾದರೆ ಮನೆಯಲ್ಲಿ ತಿಂದು ಹೋಗಿ. ಉಪವಾಸ, ರೋಜಾ ಮಾಡುವವರು ಮೊದಲೇ ವೈದ್ಯರನ್ನು ಕೇಳಿ: ದಿನವಿಡೀ ನೀರು ಬಿಟ್ಟರೆ ಸಂಜೆ ಒಂದೇ ಸಲಕ್ಕೆ ಕುಡಿದು ತುಂಬಿಸಿಕೊಳ್ಳಲು ಬ್ಯಾಂಡ್ ಬಿಡುವುದಿಲ್ಲ.

ಕೆಲವರಿಗೆ ಬೆಳಿಗ್ಗೆ ಪಟ್ಟಿ ಬಿಗಿ ಅನ್ನಿಸುತ್ತದೆ, ಹೆಂಗಸರಿಗೆ ಮುಟ್ಟಿನ ದಿನಗಳಲ್ಲೂ ಹಾಗೇ. ಎದ್ದ ತಕ್ಷಣ ತಿಂಡಿಗೆ ಕೂರದೆ ಬಿಸಿನೀರು ಗುಟುಕರಿಸಿ, ಒಂದೆರಡು ಗಂಟೆ ಬಿಟ್ಟು ತಿನ್ನಿ.

ಸಿಕ್ಕಿಹಾಕಿಕೊಂಡಾಗ

ಎದೆಮೂಳೆಯ ಹಿಂದೆ ಒತ್ತಿದಂತೆ ನೋವು, ಬಾಯಲ್ಲಿ ಒಂದೇ ಸಮನೆ ಜೊಲ್ಲು, ಬಿಕ್ಕಳಿಕೆ, ಕೆಲವರಿಗೆ ಮೂಗು ಸೋರುವುದು. ತುತ್ತು ಸಿಕ್ಕಿಕೊಂಡಿದೆ ಅನ್ನುವುದರ ಗುರುತುಗಳಿವು. ತಕ್ಷಣ ತಿನ್ನುವುದನ್ನು ನಿಲ್ಲಿಸಿ, ಎದ್ದು ನಿಧಾನವಾಗಿ ಅಡ್ಡಾಡಿ. ನೀರು ಕುಡಿದು ತಳ್ಳಲು ಹೋಗಬೇಡಿ. ನೀರು ಅದರ ಮೇಲೆಯೇ ನಿಲ್ಲುತ್ತದೆ. ಕೋಲಾ, ಅನಾನಸ್ ರಸದಂಥ ಕೇಳಿದ ಮದ್ದುಗಳೂ ಬೇಡ. ಗಂಟಲಿಗೆ ಬೆರಳು ಹಾಕಲೇಬೇಡಿ. ಬಹಳ ಸಲ ಅದು ತಾನಾಗಿಯೇ ಇಳಿಯುತ್ತದೆ, ಇಲ್ಲವೆ ಲೋಳೆಯೊಂದಿಗೆ ಹಾಗೇ ಮೇಲೆ ಬರುತ್ತದೆ. ಆಮೇಲೆ ಆ ಜಾಗ ಊದಿರುತ್ತದೆ. ‘ಹೋಯ್ತಲ್ಲ’ ಅಂತ ಮತ್ತೆ ತಟ್ಟೆಗೆ ಮರಳಿದರೆ ಇನ್ನೊಮ್ಮೆ ಸಿಕ್ಕಿಕೊಳ್ಳುತ್ತದೆ. ಒಂದು ದಿನ ಬರೀ ದ್ರವ ಕುಡಿಯಿರಿ.

ಉಗುಳು ಕೂಡ ಇಳಿಯದಿದ್ದರೆ, ಜೋರು ಹೊಟ್ಟೆನೋವಿದ್ದರೆ ಮನೆಯಲ್ಲಿ ಕಾಯಬೇಡಿ. ಆಸ್ಪತ್ರೆಯಲ್ಲಿ ಪಟ್ಟಿಯ ಸಲೈನ್ ತೆಗೆದರೆ ಎಷ್ಟೋ ಸಲ ಅಲ್ಲಿಯೇ ಪರಿಹಾರ ಸಿಗುತ್ತದೆ. ರಾತ್ರಿ ಮಲಗಿದಾಗ ಕೆಮ್ಮು, ಹುಳಿತೇಗು, ದಿಂಬಿನ ಮೇಲೆ ನೀರು ಬರುವುದು ಪಟ್ಟಿ ಅತಿ ಬಿಗಿಯಾಗಿರುವುದರ ಅಥವಾ ಜಾರಿರುವುದರ ಸೂಚನೆ. ಪೋರ್ಟ್ ಇರುವ ಕಡೆ ಕೆಂಪಾಗಿ ಊದಿಕೊಂಡರೆ, ಅಥವಾ ಇದ್ದಕ್ಕಿದ್ದಂತೆ ಎಷ್ಟು ತಿಂದರೂ ತಡೆಯೇ ಇಲ್ಲ ಅನ್ನಿಸಿದರೆ ತೋರಿಸಿ: ಸೋಂಕಿರಬಹುದು, ಕೊಳವೆ ಸೋರುತ್ತಿರಬಹುದು, ಪಟ್ಟಿ ಜಠರದ ಗೋಡೆಯೊಳಗೆ ಕೊರೆದಿರಲೂಬಹುದು. ವರ್ಷಗಳ ನಂತರವೂ ಇವು ಬರುತ್ತವೆ. ಬ್ಯಾಂಡ್ ತೆಗೆಸಿಕೊಂಡವರು, ಸ್ಲೀವ್ ಅಥವಾ ಬೈಪಾಸ್‌ಗೆ ಬದಲಿಸಿಕೊಂಡವರು ಬಹಳ ಜನ ಇದ್ದಾರೆ. ಅದನ್ನು ಸೋಲು ಅಂತ ಭಾವಿಸಿ ತೊಂದರೆ ಮುಚ್ಚಿಡುವುದು ಬೇಡ.

ಮಾತ್ರೆ, ಡ್ರಿಪ್, ಜೇಬಿನ ಚೀಟಿ

ದೊಡ್ಡ ಮಾತ್ರೆಗಳೂ ಸಿಕ್ಕಿಕೊಳ್ಳುತ್ತವೆ. ಸಿರಪ್ ಇದೆಯೇ, ಪುಡಿ ಮಾಡಬಹುದೇ ಕೇಳಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಪುಡಿ ಮಾಡಬಾರದು. ಮೈಕೈನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫಿನಾಕ್ ತಂದು ನುಂಗಬೇಡಿ. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಊಟ ತಗ್ಗಿ ತೂಕ ಇಳಿದಂತೆ ಔಷಧದ ಪ್ರಮಾಣವೂ ಇಳಿಯಬೇಕಾಗಬಹುದು. ಹಳೆಯ ಡೋಸ್‌ನಲ್ಲೇ ಮುಂದುವರಿದು ಶುಗರ್ ತೀರಾ ಇಳಿದರೆ ಅಪಾಯ. ಬ್ಯಾಂಡ್ ಪೋಷಕಾಂಶ ಹೀರುವುದನ್ನು ತಡೆಯುವುದಿಲ್ಲ ನಿಜ, ಆದರೆ ಒಳಗೆ ಹೋಗುವುದೇ ಕಡಿಮೆ. ಮಲ್ಟಿವಿಟಮಿನ್ ಬೇಕು, ಬಿ12, ಡಿ, ಕಬ್ಬಿಣದ ತಪಾಸಣೆಯೂ ಬೇಕು. ಮೂರು-ನಾಲ್ಕು ತಿಂಗಳಿಗೆ ಕೂದಲು ಉದುರುವುದುಂಟು, ಪ್ರೊಟೀನ್ ಸರಿಯಾಗಿದ್ದರೆ ಸಾಮಾನ್ಯವಾಗಿ ಮರಳಿ ಬರುತ್ತದೆ. ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸುವುದನ್ನು ಮುಂದೂಡಿ; ಆಮೇಲೆ ಗರ್ಭಿಣಿಯಾದರೆ ಅಗತ್ಯಕ್ಕೆ ತಕ್ಕಂತೆ ಪಟ್ಟಿ ಸಡಿಲಿಸುತ್ತಾರೆ.

ಕೊನೆಯದಾಗಿ, ಊರ ಕಡೆಯವರು ಗಮನಿಸಬೇಕಾದ ಮಾತು. ವಾಂತಿ ಅಂದರೆ ನಮ್ಮಲ್ಲಿ ಹತ್ತಿರದ ಕ್ಲಿನಿಕ್‌ಗೆ ಹೋಗಿ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಳ್ಳುವುದು ರೂಢಿ. ಹಲವು ದಿನ ವಾಂತಿಯಾಗಿ ಊಟ ನಿಂತವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಮಿನ್ ಬರಿದಾಗಿರಬಹುದು. ಆ ಸ್ಥಿತಿಯಲ್ಲಿ ಥಯಮಿನ್ ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮೆದುಳಿಗೆ, ನರಗಳಿಗೆ ಪೆಟ್ಟಾಗಬಹುದು. ಕಾಲು ಜೋಮು, ನಡಿಗೆ ತೂರಾಡುವುದು, ಕಣ್ಣು ಮಂಜಾಗುವುದು ಅದರ ಲಕ್ಷಣ. ಡ್ರಿಪ್ ಹಚ್ಚುವ ಮೊದಲೇ ‘ನನಗೆ ಗ್ಯಾಸ್ಟ್ರಿಕ್ ಬ್ಯಾಂಡ್ ಇದೆ, ಇಷ್ಟು ದಿನದಿಂದ ವಾಂತಿ’ ಅಂತ ಹೇಳಿ. ಪೋರ್ಟ್‌ಗೆ ಮಾಮೂಲಿ ಇಂಜೆಕ್ಷನ್ ಸೂಜಿ ಚುಚ್ಚಿದರೆ ಅದರ ಮುಚ್ಚಳ ಹಾಳಾಗಿ ಸೋರುತ್ತದೆ, ಅದನ್ನೂ ಹೇಳಿ. ಬ್ಯಾಂಡ್‌ನ ಕಂಪನಿ ಮತ್ತು ಮಾದರಿ, ಹಾಕಿದ ದಿನಾಂಕ, ಅದು ಒಟ್ಟು ಎಷ್ಟು ಮಿ.ಲೀ. ಹಿಡಿಯುತ್ತದೆ, ಈಗ ಎಷ್ಟು ತುಂಬಿದೆ, ಶಸ್ತ್ರಚಿಕಿತ್ಸಕರ ಫೋನ್ ನಂಬರ್, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪರ್ಸ್‌ನಲ್ಲಿ ಇಟ್ಟುಕೊಳ್ಳಿ. ಪ್ರತಿ ಸಲ ಸಲೈನ್ ತುಂಬಿಸಿದಾಗಲೂ ಅಂಕಿ ತಿದ್ದಿ. ಮನೆಯಲ್ಲಿ ಇನ್ನೊಬ್ಬರ ಮೊಬೈಲಿನಲ್ಲೂ ಅದರ ಫೋಟೊ ಇರಲಿ.